ಕಾವಲಿ ಇಲ್ಲೇ ಇಟ್ಟು ಹೊರಡಿ

ಮೇ ತಿಂಗಳಲ್ಲಿ ನಾನು ಶಿರಸಿಗೆ ಬಂದರೆ ಸಾಕು, ಜಗಲಿ ಮೇಲೆ ಒಂದು ಸಣ್ಣ ಸಭೆ ಕೂಡುತ್ತದೆ. ಆಗಸ್ಟಿನಲ್ಲಿ ಓದಲಿಕ್ಕೆ ಅಮೆರಿಕಕ್ಕೆ ಹೊರಟ ಮಕ್ಕಳು, ಅವರ ಬೆನ್ನಿಗೆ ಅಮ್ಮಂದಿರು, ಅಮ್ಮಂದಿರ ಕೈಯಲ್ಲಿ ಪಟ್ಟಿ. ಈ ಸಲದ ಪಟ್ಟಿಯಲ್ಲಿ ಕುಕ್ಕರು, ಮಿಕ್ಸಿ, ಕಬ್ಬಿಣದ ಕಾವಲಿ, ಒಂದು ಡಜನ್ ಸ್ಟೀಲ್ ಲೋಟ, ಎರಡು ರಜಾಯಿ. ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವುದು 23 ಕಿಲೋದ ಎರಡು ಪೆಟ್ಟಿಗೆ. ಈ ಪಟ್ಟಿ ಹೊರಲಿಕ್ಕೆ ಎತ್ತಿನಗಾಡಿ ಬೇಕು.

ಕುಕ್ಕರ್ ಒಯ್ಯಿರಿ. ಮಿಕ್ಸಿ ಬೇಡ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್; ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ನಮ್ಮ ಮಿಕ್ಸಿ ಅಲ್ಲಿ ಗೊರಗೊರ ಎನ್ನುತ್ತದೆಯೇ ಹೊರತು ಕಾಯಿ ಅರೆಯುವುದಿಲ್ಲ. ಉಳಿದದ್ದೆಲ್ಲ ರಮ್ಮೇಜ್ ಸೇಲಿನಲ್ಲಿ ಸಿಗುತ್ತದೆ ಅಂದೆ. ಅದೆಂತದು ಅಂದದ್ದಕ್ಕೆ, ಜನ ತಮಗೆ ಬೇಡವಾದ ಹಳೇ ಸಾಮಾನು ಮಾರುವುದು ಅಂತ ವಿವರಿಸಿದ ಮೇಲೆ ಪಕ್ಕದ ಮನೆ ಅತ್ತೆ ಮುಖ ಸಿಂಡರಿಸಿ, ‘ಯಾರ್ಯಾರೋ ಉಂಡ ಬಟ್ಲಲ್ಲಿ ಉಂಬದನೇ?’ ಅಂದರು. ಅತ್ತೆಯ ಅಡುಗೆಮನೆಯ ಬೀಸುಕಲ್ಲು ಅವರ ಅಜ್ಜತ್ತೆಯ ಕಾಲದ್ದು. ಆದರೆ ಅದು ಮನೆಯದು, ಇದು ಪರರದು. ಈ ಮುಜುಗರ ನನಗೂ ಇತ್ತು. ಎರಡು ತಿಂಗಳ ಬಾಡಿಗೆ ಕಟ್ಟಿದ ಮೇಲೆ ತಾನಾಗಿ ಹೋಯಿತು.

ನಾನಿರುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಬೇರೆ ಕಡೆ ಗರಾಜ್ ಸೇಲ್, ಯಾರ್ಡ್ ಸೇಲ್ ಅನ್ನುವುದನ್ನು ನಮ್ಮಲ್ಲಿ ಅನೇಕರು ರಮ್ಮೇಜ್ ಎಂದೇ ಕರೆಯುತ್ತಾರೆ. ಮನೆಯವರು ಬೇಡವಾದದ್ದನ್ನು ಗರಾಜಿನಲ್ಲಿ ಮೇಜು ಹಾಕಿ ಹರವಿರುತ್ತಾರೆ, ಚರ್ಚಿನವರು ಭಕ್ತರು ಕೊಟ್ಟದ್ದನ್ನು ನೆಲಮಾಳಿಗೆಯಲ್ಲಿ ಗುಡ್ಡೆ ಹಾಕಿರುತ್ತಾರೆ. ಇದೆಲ್ಲ ಬೇಸಿಗೆಯ ವ್ಯವಹಾರ. ಅಲ್ಲಿಯ ಬೇಸಿಗೆ ಎಂದರೆ ಜೂನ್, ಜುಲೈ, ಆಗಸ್ಟ್. ಇಲ್ಲಿ ಅಮ್ಮ ಒದ್ದೆ ಬಟ್ಟೆಯನ್ನು ಒಲೆ ಮೇಲೆ ಕಟ್ಟಿ ಒಣಗಿಸುವ ಹೊತ್ತಿನಲ್ಲಿ ಅಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕು. ಮೊದಲ ವರ್ಷ ಫೋನಿನಲ್ಲಿ ಮಳೆಯ ಸದ್ದು ಕೇಳಿಯೇ ಅಳು ಬರುತ್ತಿತ್ತು, ಅದು ಬೇರೆ ಕತೆ.

ಗುರುವಾರ ಅಥವಾ ಶುಕ್ರವಾರವೇ ಶುರುವಾಗುವ ಸೇಲುಗಳು ಬಹಳ. ಒಳ್ಳೆಯದು ಬೇಕಿದ್ದರೆ ಮೊದಲ ದಿನ ಬೆಳಿಗ್ಗೆ ಹೋಗಿ, ಆದರೆ ಬರೆದ ಹೊತ್ತಿಗಿಂತ ಮೊದಲೇ ಹೋಗಿ ಬಾಗಿಲು ತಟ್ಟಬೇಡಿ. ಅದು ಅವರಿಗೆ ಆಗುವುದಿಲ್ಲ. ಅಗ್ಗದ್ದು ಬೇಕಿದ್ದರೆ ಕೊನೆಯ ದಿನ ಹೋಗಿ. ಎಷ್ಟೋ ಚರ್ಚುಗಳಲ್ಲಿ ಆ ದಿನ ‘ಬ್ಯಾಗ್ ಸೇಲ್’ ಇರುತ್ತದೆ. ಒಂದು ಚೀಲಕ್ಕೆ ಕೆಲವು ಡಾಲರ್, ಹಿಡಿಸಿದಷ್ಟು ನಿಮ್ಮದು. ಅಡಿಕೆ ಚೀಲ ತುಂಬಿ ಕುಲುಕಿ ಗೊತ್ತಿರುವ ನಮ್ಮೂರವರಿಗೆ ಇದನ್ನು ಕಲಿಸಬೇಕಾಗಿಲ್ಲ. ಒಂದು ಡಾಲರಿನ ನೋಟು, ಕ್ವಾರ್ಟರ್ ಅಂದರೆ ಕಾಲು ಡಾಲರಿನ ಚಿಲ್ಲರೆ ಒಯ್ಯಿರಿ. ಬೆಳ್‌ಬೆಳಿಗ್ಗೆ ಐವತ್ತರ ನೋಟು ಚಾಚಿದರೆ ಅಜ್ಜಿಯಂದಿರು ಕಂಗಾಲಾಗುತ್ತಾರೆ.

ಚೌಕಾಸಿ ಮಾಡಬಹುದು. ಕಾರವಾರದ ಭಾನುವಾರದ ಸಂತೆಯ ಹಾಗಲ್ಲ, ಅರ್ಧಕ್ಕೆ ಕೇಳಿ ಬೆನ್ನು ತಿರುಗಿಸುವುದು ಅಲ್ಲಿ ನಡೆಯುವುದಿಲ್ಲ. ನಾಲ್ಕು ಸಾಮಾನು ಒಟ್ಟು ಮಾಡಿ, ‘ಎಲ್ಲ ಸೇರಿ ಐದಕ್ಕೆ ಆಗುತ್ತದೆಯೇ?’ ಅಂತ ನಗುತ್ತ ಕೇಳಿ. ಚರ್ಚಿನಲ್ಲಿ ಕೇಳಲೇಬೇಡಿ, ಆ ದುಡ್ಡು ಸಾಮಾನ್ಯವಾಗಿ ಯಾವುದೋ ಧರ್ಮಕಾರ್ಯಕ್ಕೆ ಹೋಗುತ್ತದೆ.

ಇನ್ನು ಮುಖ್ಯ ಮಾತು. ಒಬ್ಬರೇ ಹೋಗಬೇಡಿ. ನಾನು ಹೋಗುವುದು ಕಾರವಾರದ ಗೆಳತಿಯ ಜೊತೆ. ಅವಳದ್ದು ಮೀನಿನ ಪೇಟೆಯಲ್ಲಿ ಪಳಗಿದ ಕಣ್ಣು: ಎತ್ತಿ ನೋಡುತ್ತಾಳೆ, ತಿರುಗಿಸುತ್ತಾಳೆ, ಮೂಸುತ್ತಾಳೆ, ಇಟ್ಟುಬಿಡುತ್ತಾಳೆ. ನನಗೆ ಕಂಡದ್ದೆಲ್ಲ ಬೇಕು. ನಮ್ಮಿಬ್ಬರ ಕರಾರು ಏನೆಂದರೆ, ಅವಳು ‘ಇಡು ಕೆಳಗೆ’ ಅಂದರೆ ನಾನು ಇಡಬೇಕು. ವಾದ ಮಾಡುವುದಿದ್ದರೆ ಕಾರಿನಲ್ಲಿ.

ಒಮ್ಮೆ ಒಂದು ಗರಾಜಿನಲ್ಲಿ ಬೀಡಿನ, ಅಂದರೆ ಎರಕದ ಕಬ್ಬಿಣದ ಚಪ್ಪಟೆ ಕಾವಲಿ ಸಿಕ್ಕಿತು, ಎರಡು ಡಾಲರ್. ಹಳೇ ಅಮೆರಿಕನ್ ಬೀಡು ಹೊಸದರ ಹಾಗೆ ತರಿತರಿ ಇರುವುದಿಲ್ಲ, ತಿಕ್ಕಿ ನುಣುಪು ಮಾಡಿರುತ್ತಿದ್ದರು. ದೋಸೆ ಕಾಗದದ ಹಾಗೆ ಏಳುತ್ತದೆ. ಅಡಿಯಲ್ಲಿ ಗ್ರಿಸ್ವೋಲ್ಡ್ ಅಥವಾ ವ್ಯಾಗ್ನರ್ ಅಂತ ಅಚ್ಚಿದ್ದರೆ ಬಿಡಲೇಬೇಡಿ. ಗ್ರಿಸ್ವೋಲ್ಡ್ ಕಂಪನಿ ಪೆನ್ಸಿಲ್ವೇನಿಯಾದ ಈರಿಯಲ್ಲಿತ್ತು, 1957ರಲ್ಲಿ ಬಾಗಿಲು ಹಾಕಿತು. ತುಕ್ಕಿಗೆ ಹೆದರಬೇಕಾಗಿಲ್ಲ. ತಿಕ್ಕಿ, ಎಣ್ಣೆ ಸವರಿ ಕಾಯಿಸಿ, ಈರುಳ್ಳಿ ಹೋಳು ಉಜ್ಜಿ ಪಳಗಿಸುವುದು ನಿಮಗೆ ಗೊತ್ತೇ ಇದೆ. ಮಟ್ಟದ ಜಾಗದಲ್ಲಿಟ್ಟು ಓಲಾಡುತ್ತದೆಯೋ ನೋಡಿ, ಬೆರಳಿನಿಂದ ಬಡಿದು ಕೇಳಿ. ಒಡಕಿದ್ದರೆ ಸದ್ದು ಮಂಕು, ಗಡಿಗೆ ಕೊಳ್ಳುವಾಗ ಕೇಳುವ ಹಾಗೆಯೇ.

ನಾನು ಇಷ್ಟೂ ಪರೀಕ್ಷೆ ಮುಗಿಸಿ ದುಡ್ಡು ತೆಗೆದಿದ್ದೆ. ಗೆಳತಿ ಅದರ ಅಂಚಿನಲ್ಲಿ ಅಂಟಿದ್ದ ಬೂದುಬಣ್ಣದ ಕಲೆಯನ್ನು ಉಗುರಿನಲ್ಲಿ ಕೆರೆದಳು. ಗೀರು ಬಿತ್ತು, ಒಳಗೆ ಹೊಳೆಯಿತು. ‘ಏ ಮಾರಾಯ್ತಿ, ಇದು ಸೀಸ. ಇಡು ಕೆಳಗೆ.’ ಅವಳ ಅಜ್ಜ ಅಂಗಳದಲ್ಲಿ ಕೂತು ಬೀಸುಬಲೆಗೆ ಸೀಸದ ಗುಂಡು ಕಟ್ಟುತ್ತಿದ್ದವರು. ಅಲ್ಲಿಯೂ ಗಾಳದ ಭಾರಕ್ಕೆ ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ಯುವವರಿದ್ದಾರೆ, ಅದಕ್ಕೆ ಕೆಲವರು ಹಳೇ ಬೀಡಿನ ಪಾತ್ರೆಯನ್ನೇ ಬಳಸುತ್ತಾರೆ. ಸೀಸ ವಿಷ, ಎಷ್ಟು ತಿಕ್ಕಿದರೂ ಅಂಥದ್ದು ಅಡುಗೆಗೆ ಬರುವುದಿಲ್ಲ. ಮನೆಯ ಯಜಮಾನನಿಗೆ ಹೇಳಿದೆವು. ಅವನು ಅದನ್ನು ಮೇಜಿನಿಂದ ತೆಗೆದು, ನಮಗೆ ಎರಡು ಗಾಜಿನ ಬಟ್ಟಲು ಪುಕ್ಕಟೆ ಕೊಟ್ಟ. ಮಾತು ಬದಲಿಸಿ ಬೋಟು, ಕೆರೆ, ಮೀನು ಅಂತ ಅವಳ ಜೊತೆ ಅರ್ಧ ಗಂಟೆ ಹರಟಿದ. ಆ ಗಾಜಿನ ಬಟ್ಟಲಲ್ಲೇ ಈಗಲೂ ತಂಬುಳಿ ಬಡಿಸುವುದು.

ಹೊಸಬರು ಸಾಮಾನ್ಯವಾಗಿ ಮರೆಯುವುದು ಚಳಿಯ ಕೋಟು. ಆಗಸ್ಟಿನ ಸೆಖೆಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? ಅದಕ್ಕೇ ಆಗ ಅಗ್ಗ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದಿನ ನಮ್ಮ ಕಂಬಳಿಕೊಪ್ಪೆಯ ಧೈರ್ಯ ನಡೆಯುವುದಿಲ್ಲ. ಜಿಪ್ಪು ಎರಡು ಸಲ ಎಳೆದು ನೋಡಿ, ಕಂಕುಳು ಮೂಸಿ, ಜೇಬಿಗೆ ಕೈ ಹಾಕಿ. ಮನೆಗೆ ತಂದ ಬಟ್ಟೆ ನೇರ ಡ್ರೈಯರಿಗೆ, ಬಿಸಿ ಜೋರಾಗಿಟ್ಟು ಅರ್ಧ ಗಂಟೆ. ತಿಗಣೆಗೆ ಬಿಸಿಯೇ ಮದ್ದು. ಇದನ್ನು ನಾನು ಕಲಿತದ್ದು ಬೀದಿಬದಿಯಿಂದ ಸೋಫಾ ಹೊತ್ತು ತಂದ ವರ್ಷ. ಆ ಆರು ವಾರಗಳ ವಿವರ ಬೇಡ.

ಹಾಸಿಗೆ, ಸೋಫಾ, ಹೆಲ್ಮೆಟ್ಟು ಹಳೆಯದು ಕೊಳ್ಳಬೇಡಿ. ಮಗುವಿನ ಕಾರ್ ಸೀಟಿಗೆ ಅವಧಿ ಮುಗಿಯುವ ತಾರೀಖು ಇರುತ್ತದೆ, ಯಾವ ಅಪಘಾತ ಕಂಡಿದೆಯೋ ಯಾರಿಗೆ ಗೊತ್ತು. ಪಕ್ಕದ ಕಟಕಟೆ ಕೆಳಗಿಳಿಸುವಂಥ ತೊಟ್ಟಿಲ ಮಂಚದ ಮಾರಾಟವನ್ನು ಅಲ್ಲಿ 2011ರಿಂದ ನಿಷೇಧಿಸಿದ್ದಾರೆ, ಆದರೂ ಗರಾಜುಗಳಲ್ಲಿ ಕಾಣುತ್ತದೆ. 1978ಕ್ಕಿಂತ ಹಿಂದಿನ ಬಣ್ಣ ಬಳಿದ ಮರದ ಸಾಮಾನೂ ಮಕ್ಕಳಿರುವ ಮನೆಗೆ ಬೇಡ. ಮತ್ತೆ ಅದೇ ಸೀಸ.

ಮ್ಯಾಡಿಸನ್‌ಗೇ ಬರುವವರಿಗೆ ಇನ್ನೊಂದು ಗುಟ್ಟು. ವಿಶ್ವವಿದ್ಯಾಲಯದ ಸುತ್ತ ಬಹಳಷ್ಟು ಬಾಡಿಗೆ ಕರಾರು ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಹೊಸತು ಶುರು. ಆ ಹೊತ್ತಿಗೆ ಹುಡುಗರು ಮೇಜು, ಕುರ್ಚಿ, ದೀಪ ಎಲ್ಲ ರಸ್ತೆ ಅಂಚಿಗಿಟ್ಟು ಹೋಗುತ್ತಾರೆ. ಊರವರು ಅದನ್ನು ‘ಹಿಪ್ಪಿ ಕ್ರಿಸ್ಮಸ್’ ಅನ್ನುತ್ತಾರೆ. ಮರದ್ದು, ಕಬ್ಬಿಣದ್ದು ತೆಗೆದುಕೊಳ್ಳಿ. ಬಟ್ಟೆ ಹೊದೆಸಿದ್ದನ್ನು ಮುಟ್ಟಬೇಡಿ. ಗೆಳತಿಯ ವ್ಯಾನಿದೆ, ಒಂದೆರಡು ದಿನ ಮೊದಲೇ ಬಂದು ಹೇಳಿ.

ಕಾವಲಿ, ರಜಾಯಿ ತೆಗೆದ ಮೇಲೆ ಪೆಟ್ಟಿಗೆಯಲ್ಲಿ ನಾಲ್ಕೈದು ಕಿಲೋ ಜಾಗ ಉಳಿಯಿತಲ್ಲ, ಅಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಡಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ. ವ್ಯಾನಿನ ಬಾಡಿಗೆ ಒಂದು ಬಾಟಲಿ.