ಮಕ್ಕಳ ಬರ್ತ್‌ಡೇಗೆ ಜೆಸಿಬಿ ಥೀಮ್: ಹಿತ್ತಲಲ್ಲೇ ಮಾಡಿ

3-5 ವರ್ಷದ ಮಕ್ಕಳಿಗೆ ಜೆಸಿಬಿ ಅಂದ್ರೆ ಪ್ರಾಣ, ಅಲ್ವಾ? ಹಿತ್ತಲಿದ್ದರೆ ಹಾಲ್ ಬುಕ್ ಮಾಡಬೇಡಿ. ಒಂದು ಮರಳುಗುಡ್ಡೆ ಸಾಕು.

ಮರಳಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ಬೇಡ, ಅದರಲ್ಲಿ ಕಲ್ಲಿನ ಧೂಳು ಜಾಸ್ತಿ. ಹೊಳೆ ಮರಳು ತಂದು ಜರಡಿ ಹಿಡಿಯಿರಿ. ಮೊಳೆ, ಗಾಜಿನ ಚೂರು ಇರಬಹುದು. ಹಿಂದಿನ ರಾತ್ರಿ ಟಾರ್ಪಾಲ್ ಮುಚ್ಚಿ, ಇಲ್ಲಾಂದ್ರೆ ಬೆಕ್ಕುಗಳು ಗಲೀಜು ಮಾಡುತ್ತವೆ. ಆಟಕ್ಕೆ ಮೊದಲು ನೀರು ಚಿಮುಕಿಸಿ, ಆಗ ಕಣ್ಣಿಗೆ ಹಾರಲ್ಲ, ಗೋಪುರವೂ ನಿಲ್ಲುತ್ತದೆ. ನಿಜವಾದ ಸಿಮೆಂಟ್ ಹತ್ತಿರಕ್ಕೂ ತರಬೇಡಿ, ಒದ್ದೆಯಾದರೆ ಚರ್ಮ ಸುಡುತ್ತದೆ.

ಗೋಡೆ ಕಟ್ಟೋಕೆ ಖಾಲಿ ರಟ್ಟಿನ ಡಬ್ಬಗಳಿಗೆ ಇಟ್ಟಿಗೆ ಬಣ್ಣದ ಕಾಗದ ಅಂಟಿಸಿ. ನನ್ನ ಪ್ರಕಾರ ಇದೇ ಪಾರ್ಟಿಯ ಜೀವ. ಕಟ್ಟಿದ್ದನ್ನು ಕೆಡವೋಕೆ ಬಿಡಿ, ಮಕ್ಕಳ ಕೇಕೆ ಕೇಳಿ! ಸಣ್ಣ ಪ್ಲಾಸ್ಟಿಕ್ ಬಕೆಟ್, ಸಲಿಕೆ ತಲೆಗೊಂದರಂತೆ ಇರಲಿ, ಜಗಳ ಇರಲ್ಲ. ಆಟದ ಜಾಗದ ಸುತ್ತ ಕಟ್ಟೋಕೆ ಹಳದಿ-ಕಪ್ಪು ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳ ಎದೆಮಟ್ಟಕ್ಕಿಂತ ಮೇಲೆ ಕಟ್ಟಬೇಡಿ, ಕುತ್ತಿಗೆಗೆ ಸಿಕ್ಕೀತು.

ತಿಂಡಿಗೆ ಮೈಸೂರ್ ಪಾಕ್ ಇಟ್ಟಿಗೆ ಥರ ಜೋಡಿಸಿ. ಆಟ ಸಂಜೆ ನಾಲ್ಕೂವರೆ ಮೇಲೆ ಶುರು ಮಾಡಿ. ಕೈ ತೊಳೆಯೋಕೆ ಬಕೆಟ್, ಮಗ್ಗು, ಸೋಪು ಹೊರಗಡೆಯೇ ಇರಲಿ.