ತಾಲ್ಲೂಕು ಆಸ್ಪತ್ರೆಯ ಹಾಸಿಗೆ ಕಡಿಮೆಯಾದರೆ ಊರಿನವರು ಏನು ಮಾಡಬೇಕು?

ನಮ್ಮಲ್ಲಿ ಹಾಸಿಗೆ ಕಡಿತಕ್ಕೆ ಸಾಮಾನ್ಯವಾಗಿ ಆದೇಶವೇ ಹೊರಬೀಳುವುದಿಲ್ಲ. ಶುಶ್ರೂಷಾಧಿಕಾರಿ ನಿವೃತ್ತರಾದ ಜಾಗಕ್ಕೆ ಯಾರೂ ಬರುವುದಿಲ್ಲ. ದುರಸ್ತಿಯ ಹೆಸರಿನಲ್ಲಿ ಒಂದು ವಾರ್ಡಿಗೆ ಬೀಗ ಬೀಳುತ್ತದೆ. ಒಳಗಿನ ಕಬ್ಬಿಣದ ಮಂಚಗಳ ಮೇಲೆ ಸಲೈನ್ ಪೆಟ್ಟಿಗೆಗಳು ಪೇರಿಕೊಳ್ಳುತ್ತವೆ. ಹೊರಗಿನ ಫಲಕದಲ್ಲಿ ಮಾತ್ರ ‘100 ಹಾಸಿಗೆಗಳ ಆಸ್ಪತ್ರೆ’ ಎಂದೇ ಇರುತ್ತದೆ. ಹಾಗಾಗಿ ಘೋಷಣೆ ಕೂಗುವ ಮೊದಲು ಈ ಕಡಿತವನ್ನು ಕಾಗದಕ್ಕೆ ಇಳಿಸಬೇಕು.

ಮೊದಲು ಎಣಿಕೆ. ಮಂಜೂರಾದ ಹಾಸಿಗೆ ಬೇರೆ, ರೋಗಿಯನ್ನು ಮಲಗಿಸಬಲ್ಲ ಹಾಸಿಗೆ ಬೇರೆ. ಆಸ್ಪತ್ರೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಆದ್ದರಿಂದ ಪೀಠಿಕೆ ಬೇಡ. ಹಾಸಿಗೆ ಮಂಜೂರಾತಿ ಆದೇಶದ ಪ್ರತಿ, ಮೂರು ವರ್ಷಗಳಲ್ಲಿ ತಿಂಗಳುವಾರು ಬಳಕೆಯಲ್ಲಿದ್ದ ಹಾಸಿಗೆಗಳು, ಅವುಗಳಿಗೆ ಮಂಜೂರಾದ ಮತ್ತು ಖಾಲಿ ಇರುವ ಶುಶ್ರೂಷಾ ಹುದ್ದೆಗಳು, ಹಾಸಿಗೆ ಇಲ್ಲದೆ ಬೇರೆಡೆಗೆ ಕಳುಹಿಸಿದ ರೋಗಿಗಳ ಸಂಖ್ಯೆ: ಇಷ್ಟು ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ.

ನಂತರ ರೋಗಿಗಳಿಂದ ಸಿಗುವ ಪುರಾವೆ. ಒಂದೇ ಮಂಚದಲ್ಲಿ ಇಬ್ಬರು ಬಾಣಂತಿಯರು ಮಲಗಿದ್ದರೆ ದಿನಾಂಕ, ಹೊತ್ತು, ವಾರ್ಡು ಬರೆದಿಡಿ. ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟ ಚೀಟಿಯ ಪ್ರತಿಯನ್ನು ಕುಟುಂಬದವರ ಒಪ್ಪಿಗೆಯಿಂದ ಸಂಗ್ರಹಿಸಿ, ಆಂಬುಲೆನ್ಸ್ ಖರ್ಚನ್ನೂ ಸೇರಿಸಿ. ರೋಗಿಯ ಮುಖ ಕಾಣುವ ಫೋಟೊ ಖಂಡಿತ ಬೇಡ. ನರ್ಸ್‌ಗಳ ಮೇಲೆ ಕೂಗಾಡುವುದೂ ಬೇಡ. ಇಬ್ಬರ ಪಾಳಿಯನ್ನು ಒಬ್ಬರೇ ಎಳೆಯುತ್ತಿರುವ ಅವರು ಈ ಹೋರಾಟದಲ್ಲಿ ನಮ್ಮವರೇ.

ಯಾರ ಬಾಗಿಲು ತಟ್ಟಬೇಕು? ಆಡಳಿತ ವೈದ್ಯಾಧಿಕಾರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದರೆ ಹುದ್ದೆ ತುಂಬುವ ಅಧಿಕಾರ ಅವರಿಗಿಲ್ಲ. ಅದೇ ಮನವಿ ಜಿಲ್ಲಾ ಆರೋಗ್ಯಾಧಿಕಾರಿಗೂ ಶಾಸಕರಿಗೂ ಹೋಗಲಿ. ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿಸಿ. ತಾಲ್ಲೂಕಿನ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ವಿಷಯ ಚರ್ಚೆಗೆ ಬರುವಂತೆ ಒತ್ತಾಯಿಸಿ. ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವಂತೆ ಶಾಸಕರನ್ನು ಒಪ್ಪಿಸಿದರೆ ಇನ್ನೂ ಒಳ್ಳೆಯದು. ಸದನದಲ್ಲಿ ಸಚಿವರು ಕೊಟ್ಟ ಉತ್ತರ ಕಡತದಲ್ಲಿ ಉಳಿಯುತ್ತದೆ.

ಬೀದಿಗಿಳಿಯುವಾಗ ಪೊಲೀಸರ ಅನುಮತಿ ಪಡೆಯಿರಿ, ತುರ್ತು ಚಿಕಿತ್ಸೆಯ ದಾರಿಯನ್ನು ತೆರವಾಗಿಡಿ. ಬೇಡಿಕೆ ಒಂದೇ ಸಾಲಿನದಾಗಿರಲಿ: ಇಂಥ ವಾರ್ಡು ತೆರೆಯಬೇಕು, ಇಷ್ಟು ಹುದ್ದೆ ತುಂಬಬೇಕು. ಲಂಡನ್ನಿನ ಲೂಯಿಷಮ್ ಆಸ್ಪತ್ರೆಯ ತುರ್ತು ಚಿಕಿತ್ಸೆ, ಹೆರಿಗೆ ಸೇವೆಗಳಿಗೆ ಕತ್ತರಿ ಹಾಕಹೊರಟಾಗ 2013ರ ಜನವರಿಯಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಅಷ್ಟಕ್ಕೇ ನಿಲ್ಲದೆ ಕೋರ್ಟಿಗೂ ಹೋದರು. ಅಲ್ಲಿನ ಆರೋಗ್ಯ ಸಚಿವರು ಅಧಿಕಾರ ಮೀರಿದ್ದಾರೆಂದು ಜುಲೈನಲ್ಲಿ ತೀರ್ಪು ಬಂತು. ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ನಮ್ಮಲ್ಲೂ ಕಾನೂನಿನ ಬಲವಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕರೊಬ್ಬರನ್ನು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳುಹಿಸಿತು. ಕೊನೆಗೆ ಅವರು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. ಅವರ ಕಾರ್ಮಿಕ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸಕಾಲಕ್ಕೆ ಚಿಕಿತ್ಸೆ ಸಿಗದಿರುವುದು ಜೀವಿಸುವ ಹಕ್ಕು ನೀಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣದ ಕೊರತೆಯ ನೆಪ ಹೇಳಿ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಎಂದು 1996ರಲ್ಲಿ ನ್ಯಾಯಾಲಯ ಹೇಳಿತು; 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು. ನಿಮ್ಮ ಮನವಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಿ.

ವಾರ್ಡು ತೆರೆದರೂ ಹೋರಾಟಕ್ಕೆ ಕಟ್ಟಿಕೊಂಡ ಊರಿನ ಸಮಿತಿಯನ್ನು ವಿಸರ್ಜಿಸಬೇಡಿ. ನಿಯೋಜನೆಯ ಮೇಲೆ ಬಂದ ಸಿಬ್ಬಂದಿ ಗದ್ದಲ ತಣ್ಣಗಾದ ಮೇಲೆ ಮೂಲ ಸ್ಥಳಕ್ಕೆ ಮರಳುವುದುಂಟು. ಕಾಯಂ ನೇಮಕದ ಆದೇಶ ಕೈಗೆ ಬರುವವರೆಗೆ ತಿಂಗಳಿಗೊಮ್ಮೆ ಹೋಗಿ ಎಣಿಸುತ್ತಿರಿ.