ಎಂಟು ಸಾವಿರ ಡಾಲರ್, ಮರೆತುಹೋದ ಒಂದು ಸಹಿ

2009ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ನಮ್ಮ ಮೊದಲ ಮನೆ ತಗೊಂಡೆವು. ಮೊದಲ ಸಲ ಮನೆ ಕೊಳ್ಳುವವರಿಗೆ ಟ್ಯಾಕ್ಸ್ ಕ್ರೆಡಿಟ್ ಇದ್ದ ಕಾಲ ಅದು. ಮನೆ ಬೆಲೆಯ ಶೇ. 10, ಜಾಸ್ತಿ ಅಂದರೆ 8,000 ಡಾಲರ್. ನವೆಂಬರ್ 30ರ ಒಳಗೆ ಕ್ಲೋಸಿಂಗ್, ಅಂದರೆ ಮನೆ ನಮ್ಮ ಹೆಸರಿಗೆ ಬರುವ ಕೊನೆಯ ವ್ಯವಹಾರ, ಆಗಿರಬೇಕು. ಆಮೇಲೆ ಗಡುವು ಮುಂದೆ ಹೋಯಿತು, ಆದರೆ ಆಗ ನಮಗೇನು ಗೊತ್ತು? ಬ್ಯಾಂಕಿನವರು ಒಂದೊಂದು ಕಾಗದ ಕೇಳಿದಾಗಲೂ ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

ಇದು ಡಿಡಕ್ಷನ್ ಅಲ್ಲ, ಕ್ರೆಡಿಟ್. ಡಿಡಕ್ಷನ್ ಕಳೆಯುವುದು ಆದಾಯದಿಂದ, ಕ್ರೆಡಿಟ್ ಕಳೆಯುವುದು ತೆರಿಗೆಯಿಂದಲೇ. ನಾವಿದ್ದದ್ದು ಶೇ. 25ರ ಸ್ಲ್ಯಾಬ್. ಡಿಡಕ್ಷನ್ ಆಗಿದ್ದರೆ 8,000ಕ್ಕೆ ಉಳಿಯುತ್ತಿದ್ದದ್ದು 2,000 ಅಷ್ಟೇ. ಕ್ರೆಡಿಟ್ ಆದ್ದರಿಂದ ಪೂರ್ತಿ 8,000. ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆ ಇದ್ದವರಿಗೂ ಮಿಕ್ಕದ್ದು ಚೆಕ್ಕಾಗಿ ಬರುತ್ತಿತ್ತು. ಒಂದೇ ತೊಂದರೆ, ದುಡ್ಡು ಬರುವುದು ಮನೆ ನಮ್ಮದಾದ ಮೇಲೆ. ಡೌನ್ ಪೇಮೆಂಟ್ ನಾವೇ ಹೊಂದಿಸಿಕೊಳ್ಳಬೇಕಿತ್ತು.

ವೀಸಾದ ಮೇಲಿರುವವರಿಗೆ ಇದೆಲ್ಲ ಸಿಗಲ್ಲ ಅಂತ ತುಂಬಾ ಜನ ಸುಮ್ನೆ ಕೂತಿದ್ದರು. ಪೌರತ್ವ ಬೇಕಿರಲಿಲ್ಲ. ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದರೆ ಸಾಕಿತ್ತು. ಹಿಂದಿನ ಮೂರು ವರ್ಷ ಗಂಡ ಹೆಂಡತಿ ಇಬ್ಬರಲ್ಲಿ ಯಾರೂ ವಾಸದ ಸ್ವಂತ ಮನೆ ಹೊಂದಿರಬಾರದು, ಅಷ್ಟೇ.

ನನಗೆ ನಿಜವಾಗಿ ತಲೆಕೆಡಿಸಿದ್ದು ಆದಾಯದ ಮಿತಿ. ಜೋಡಿಯಾಗಿ ರಿಟರ್ನ್ ಹಾಕುವವರಿಗೆ 1,50,000 ಡಾಲರ್ ದಾಟಿದರೆ ಕ್ರೆಡಿಟ್ ಕರಗಲು ಶುರು, 1,70,000ಕ್ಕೆ ಸೊನ್ನೆ. ಆ ವರ್ಷ ಹೆಂಡತಿಗೂ ಕೆಲಸ ಸಿಕ್ಕಿತ್ತು. ಇಬ್ಬರದೂ ಸೇರಿ 1,60,000ದ ಹತ್ತಿರ. ಅಂದರೆ ಹೆಚ್ಚುಕಡಿಮೆ ಅರ್ಧ, 4,000. ಕೆಲಸ ಸಿಕ್ಕಿದ್ದಕ್ಕೆ ಬೇಜಾರು ಮಾಡಿಕೊಂಡ ಮೊದಲ ಗಂಡ ನಾನೇ ಇರಬೇಕು.

ಈ ಕ್ರೆಡಿಟ್ ಕೇಳಲು ತುಂಬಬೇಕಾದ ಫಾರ್ಮ್ 5405ರ ಸೂಚನೆ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. 2009ರಲ್ಲಿ ಕೊಂಡ ಮನೆಯನ್ನು 2008ರ ರಿಟರ್ನ್‌ನಲ್ಲೇ ತೋರಿಸಬಹುದು. ಹಾಗೆ ಮಾಡಿದರೆ ನೋಡುವುದು 2008ರ ಆದಾಯ. ಆಗ ದುಡಿಯುತ್ತಿದ್ದವನು ನಾನೊಬ್ಬನೇ! ಪೂರ್ತಿ ಕ್ರೆಡಿಟ್ ನಮ್ಮದು. ಏಪ್ರಿಲ್‌ನಲ್ಲೇ ಆ ರಿಟರ್ನ್ ಹಾಕಿ ಆಗಿದ್ದರಿಂದ 1040-ಎಕ್ಸ್ ಅನ್ನೋ ಫಾರ್ಮ್ ತುಂಬಿ ತಿದ್ದುಪಡಿ ಕಳಿಸಬೇಕಿತ್ತು. ಒಂದು ಶನಿವಾರ ಅಡುಗೆಮನೆ ಟೇಬಲ್ ಮೇಲೆ ಕಾಗದ ಹರಡಿಕೊಂಡು ಕೂತೆ. ಕ್ಲೋಸಿಂಗ್‌ನಲ್ಲಿ ಕೊಟ್ಟ ಹಡ್-1, ಅಂದರೆ ಖರೀದಿಯ ಲೆಕ್ಕಪತ್ರದ ಪ್ರತಿಯನ್ನೂ ಜೊತೆಗೆ ಪಿನ್ ಮಾಡಿ, ಪೋಸ್ಟ್‌ಗೆ ಹಾಕಿ ಬಂದೆ.

ಐದು ವಾರ ಬಿಟ್ಟು ಅದೇ ಕಾಗದಗಳು ವಾಪಸ್ ಬಂದವು. ಜೋಡಿ ರಿಟರ್ನ್‌ಗೆ ಇಬ್ಬರ ಸಹಿಯೂ ಬೇಕು. ನನ್ನದು ಮಾತ್ರ ಇತ್ತು. "ನನ್ನ ಹೆಸರಲ್ಲಿ ಲೆಕ್ಕ ಹಾಕುವಾಗ ಮಾತ್ರ ನಾನು ನೆನಪಾಗ್ತೀನಿ ಅಲ್ವಾ?" ಅಂತ ಹೆಂಡತಿ ಅಲ್ಲೇ ನಿಂತು ಸಹಿ ಹಾಕಿದಳು. ಚೆಕ್ ಬರುವ ಹೊತ್ತಿಗೆ ಫೆಬ್ರವರಿ.

ಇನ್ನೊಂದು ಷರತ್ತು, 36 ತಿಂಗಳು ಆ ಮನೆಯಲ್ಲೇ ವಾಸ ಇರಬೇಕು. ಮೊದಲೇ ಮಾರಿದರೆ ಅಥವಾ ಬೇರೆ ಕಡೆ ಹೋದರೆ ಹಣ ಹಿಂದಿರುಗಿಸಬೇಕು. 2011ರಲ್ಲಿ ಬೇರೆ ರಾಜ್ಯದಿಂದ ಕೆಲಸದ ಕರೆ ಬಂತು. ಬೇಡ ಅಂದೆ. ಅದೊಂದೇ ಕಾರಣ ಅಲ್ಲ, ಆದರೆ ಅದೂ ಒಂದು.

ನನ್ನ ಗೆಳೆಯನೊಬ್ಬ ನಮಗಿಂತ ಹತ್ತು ತಿಂಗಳು ಮುಂಚೆ, 2008ರ ಡಿಸೆಂಬರ್‌ನಲ್ಲಿ ಮನೆ ತಗೊಂಡಿದ್ದ. ಅವನಿಗೆ ಸಿಕ್ಕಿದ್ದು ಹಳೆಯ ನಿಯಮದ 7,500. ಹೆಸರಿಗೆ ಕ್ರೆಡಿಟ್, ಅಸಲಿಗೆ ಬಡ್ಡಿಯಿಲ್ಲದ ಸಾಲ. 2010ರ ರಿಟರ್ನ್‌ನಿಂದ ವರ್ಷಕ್ಕೆ 500ರಂತೆ 15 ವರ್ಷ ತೀರಿಸಬೇಕಿತ್ತು. 2024ರ ರಿಟರ್ನ್ ಜೊತೆ ಕೊನೆಯ ಕಂತು ಕಟ್ಟಿ ನನಗೆ ಫೋನ್ ಮಾಡಿದ. "ಮುಗೀತು ಕಣೋ, ಈಗ ಪಾರ್ಟಿ ನಿನ್ನದು" ಅಂದ.